ಬಾರದ ನೋವಿಗೆ ಕೈಮುಗಿಯುವವರು ಯಾರು?

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಎದೆಯ ಆಪರೇಷನ್ ನಡೆಯುವ ಥಿಯೇಟರಿನಲ್ಲಿ ಮೂಲೆಯ ಒಂದು ದೀಪ ಮಾತ್ರ ಉರಿಯುತ್ತಿದೆ. ಹಸಿರು ಟೋಪಿಯೊಳಗೆ ಅರ್ಧ ನರೆತ ಕೂದಲನ್ನು ತುರುಕಿಕೊಂಡ ಹೆಂಗಸೊಬ್ಬರು ಸ್ಟೀಲ್ ಟ್ರಾಲಿಯ ಮುಂದೆ ನಿಂತು ಸಿರಿಂಜುಗಳಿಗೆ ಚೀಟಿ ಅಂಟಿಸುತ್ತಿದ್ದಾರೆ. ನಿದ್ದೆಯ ಔಷಧಕ್ಕೆ ಹಳದಿ, ಸ್ನಾಯು ಸಡಿಲಿಸುವುದಕ್ಕೆ ಕೆಂಪು, ಮರಗಟ್ಟಿಸುವುದಕ್ಕೆ ಬೂದು ಬಣ್ಣ. ಕೊನೆಗೆ ದಪ್ಪನೆಯ ಒಂದು ಸಿರಿಂಜನ್ನು ಪಂಪಿನಲ್ಲಿ ಕೂರಿಸಿ, ಅದರ ಬಾಯಿಗೆ ಸಪೂರ ಟ್ಯೂಬ್ ಸಿಕ್ಕಿಸಿ, ತೋರುಬೆರಳನ್ನು ಟ್ಯೂಬಿನ ಉದ್ದಕ್ಕೂ ಜಾರಿಸುತ್ತಾರೆ. "ಇಲ್ಲಿಂದ ಹೊರಟೆ. ಇಲ್ಲಿ ಬಾಗಿದೆ. ಇಲ್ಲಿ ಗಂಟಿಲ್ಲ. ಇಲ್ಲಿಗೆ ಬಂದೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ಮೇಜಿನ ಮೇಲೆ ರೋಗಿ ಇನ್ನೂ ಬಂದಿಲ್ಲ, ಕೇಳುವವರು ಯಾರೂ ಇಲ್ಲ.

ಇವರು ಈ ಆಸ್ಪತ್ರೆಯ ಅರಿವಳಿಕೆ ಟೆಕ್ನಿಷಿಯನ್. ವಯಸ್ಸು ಐವತ್ತೆರಡು. ಹಾಜರಿ ಪುಸ್ತಕದಲ್ಲಿ ಏನು ಹೆಸರಿದೆಯೋ, ಕಾವಲುಗಾರನಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಇವರು ಪಂಪಕ್ಕ. ವಾರಪತ್ರಿಕೆಯವರು ತಮ್ಮ ಬಗ್ಗೆ ಬರೆಯಲು ಬಂದಿದ್ದಾರೆ ಎಂದು ತಿಳಿದಾಗ ನಾಚಿಕೊಳ್ಳಬೇಕಿತ್ತು. ಇಂಥ ಬರಹಗಳಲ್ಲಿ ಎಲ್ಲರೂ ನಾಚಿಕೊಳ್ಳುತ್ತಾರೆ. ಪಂಪಕ್ಕ ನಾಚಲಿಲ್ಲ, ಕುರ್ಚಿ ಎಳೆದು ಕೂತರು.

"ಎಲೆಮರೆಯ ಕಾಯಿ ಅಂತ ಬರೀತೀರಲ್ಲ ನೀವು, ಆ ಕಾಯಿನ ಯಾವತ್ತಾದ್ರೂ ಕೇಳಿದ್ದೀರಾ, ಎಲೆ ಮೇಲೆ ಅದಕ್ಕೆ ಎಷ್ಟು ಕೋಪ ಇದೆ ಅಂತ? ನಂಗೆ ಹೊಟ್ಟೆಕಿಚ್ಚು. ಹಾಗಂತಲೇ ಬರ್ಕೊಳ್ಳಿ. ಅಸೂಯೆ ಗಿಸೂಯೆ ಅಂತ ಬರೀಬೇಡಿ, ಅದಕ್ಕೆ ಮರ್ಯಾದೆ ಜಾಸ್ತಿ ಆಗುತ್ತೆ."

ಯಾರ ಮೇಲೆ ಹೊಟ್ಟೆಕಿಚ್ಚು ಎಂಬುದು ತಿಳಿಯಬೇಕಾದರೆ ಮೊದಲು ಕೆಲಸ ಏನೆಂದು ತಿಳಿಯಬೇಕು. ಎದೆಯ ಆಪರೇಷನ್ನಿನಲ್ಲಿ ರೋಗಿಯನ್ನು ಮಗ್ಗುಲಿಗೆ ಮಲಗಿಸಿ, ಎರಡು ಪಕ್ಕೆಲುಬುಗಳ ನಡುವೆ ಕೊಯ್ದು, ಎಲುಬುಗಳನ್ನು ಉಕ್ಕಿನ ಸಲಕರಣೆಯಿಂದ ಅಗಲಿಸಿ ಒಳಗೆ ಕೈಯಿಡುತ್ತಾರೆ. ಪ್ರತಿ ಪಕ್ಕೆಲುಬಿನ ಅಡಿಯಲ್ಲೂ ಒಂದು ನರ ಹರಿಯುತ್ತದೆ. ಅದು ಜಜ್ಜಿಹೋಗುತ್ತದೆ. ಕೆಲವರಿಗೆ ಗಾಯ ಮಾಯ್ದು ಹೊಲಿಗೆ ಒಣಗಿ ತಿಂಗಳುಗಳಾದರೂ ಅಲ್ಲಿ ಉರಿ ನಿಲ್ಲುವುದಿಲ್ಲ, ಅಂಗಿಯ ಬಟ್ಟೆ ತಗುಲಿದರೂ ಜೀವ ಹೋಗುತ್ತದೆ. ಅರಿವಳಿಕೆ ವಿಭಾಗದ ಡಾಕ್ಟರಮ್ಮ ಇದನ್ನು ಸರಳವಾಗಿ ಹೇಳುತ್ತಾರೆ: "ರೋಗಿ ನಿದ್ದೆ ಮಾಡ್ತಿರ್ತಾರೆ, ನರ ಮಾಡ್ತಿರಲ್ಲ. ಮೂರು ಗಂಟೆ ಅದು ಕೂಗಿದ್ದನ್ನ ಬೆನ್ನುಹುರಿ ಬಾಯಿಪಾಠ ಮಾಡ್ಕೊಂಡುಬಿಡುತ್ತೆ. ಆಮೇಲೆ ಕೇಳದಿದ್ರೂ ಒಪ್ಪಿಸ್ತಾನೇ ಇರುತ್ತೆ."

ಆ ಪಾಠ ಆಗಲು ಬಿಡದಿರುವುದೇ ಇವರಿಬ್ಬರ ಕೆಲಸ. ಕೊಯ್ಯುವ ಮೊದಲೇ ಬೆನ್ನಿನ ಬಳಿ ನರಗಳನ್ನು ಮರಗಟ್ಟಿಸುವುದು ಒಂದು. ಆಪರೇಷನ್ ಮುಗಿಯುವವರೆಗೂ ಪಂಪಿನ ಮೂಲಕ ಇನ್ನೊಂದು ಔಷಧವನ್ನು ಹನಿಹನಿಯಾಗಿ ರಕ್ತಕ್ಕೆ ಬಿಡುವುದು ಇನ್ನೊಂದು. ಎಷ್ಟು ಬಿಡಬೇಕೆಂದು ತೀರ್ಮಾನಿಸುವುದು ಡಾಕ್ಟರಮ್ಮ. ತುಂಬುವುದು, ಜೋಡಿಸುವುದು, ಕಾಯುವುದು ಪಂಪಕ್ಕ. ಎಲ್ಲರಿಗೂ ಇದು ನಾಟುತ್ತದೆ ಎಂದು ಇಬ್ಬರೂ ಹೇಳುವುದಿಲ್ಲ. ಕೆಲವರಿಗೆ ಇಷ್ಟೆಲ್ಲ ಮಾಡಿದರೂ ನೋವು ಉಳಿಯುತ್ತದೆ, ಕೆಲವರಿಗೆ ಏನೂ ಮಾಡದಿದ್ದರೂ ಬರುವುದಿಲ್ಲ.

"ಅದೇ ನೋಡಿ ನನ್ನ ಹಣೆಬರಹ," ಎನ್ನುತ್ತಾರೆ ಪಂಪಕ್ಕ. "ಇದ್ದ ನೋವು ಹೋದ್ರೆ ಜನ ಕೈ ಮುಗೀತಾರೆ. ಬರದೇ ಹೋದ ನೋವಿಗೆ ಯಾರು ಮುಗೀತಾರೆ? ಅದು ಬರಬೇಕಿತ್ತು ಅಂತಲೇ ಅವರಿಗೆ ಗೊತ್ತಿರಲ್ಲ!"

ಹತ್ತೊಂಬತ್ತನೇ ವಯಸ್ಸಿನಲ್ಲಿ ಥಿಯೇಟರಿನ ನೆಲ ಒರೆಸುವ ಕೆಲಸಕ್ಕೆ ಸೇರಿದವರು ಇವರು. ಟ್ಯೂಬು ತೊಳೆಯುತ್ತ ತೊಳೆಯುತ್ತ ಅವು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ಕಲಿತರು. ಹೊಟ್ಟೆಯಲ್ಲಿ ಮಗಳನ್ನು ಹೊತ್ತುಕೊಂಡೇ ಸಂಜೆಯ ತರಗತಿಗೆ ಹೋಗಿ ಟೆಕ್ನಿಷಿಯನ್ ಪರೀಕ್ಷೆ ಪಾಸು ಮಾಡಿದರು. ಯಜಮಾನರು ಬಸ್ ಡಿಪೋದಲ್ಲಿ ಟೈರು ಬಿಚ್ಚುವ ಕೆಲಸ ಮಾಡುತ್ತಾರೆ. "ಅವರಿಗೆ ಮತ್ತಿನ ಔಷಧ ಬೇಕಾಗೇ ಇಲ್ಲ, ದಿಂಬು ತೋರಿಸಿದ್ರೆ ಸಾಕು," ಎಂದು ಪಂಪಕ್ಕ ಯಜಮಾನರ ಎದುರೇ ಹೇಳುತ್ತಾರೆ. ದಿನಕ್ಕೆ ಎರಡು ಅಥವಾ ಮೂರು ಆಪರೇಷನ್, ಒಂದೊಂದಕ್ಕೆ ಹದಿನಾಲ್ಕು ಸಿರಿಂಜು, ಎಂಟು ಗಂಟೆ ನಿಂತ ಕಾಲಲ್ಲಿ. ಮಧ್ಯಾಹ್ನ ಕೈ ಬಿಡುವಾದಾಗ ಐದು ಫೋನ್. ಆಪರೇಷನ್ ಆಗಿ ಮೂರು ತಿಂಗಳು ತುಂಬಿದವರಿಗೆ ಫೋನ್ ಮಾಡಿ, ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿ, ಉದ್ದನೆಯ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ಇನ್ನು ಹೊಟ್ಟೆಕಿಚ್ಚಿನ ವಿಷಯ. ಮೊದಲನೆಯವರು ದೊಡ್ಡ ಡಾಕ್ಟರು, ಅಂದರೆ ಎದೆ ಕೊಯ್ಯುವ ಸರ್ಜನ್. ಅವರು ಕೆಟ್ಟವರಲ್ಲ, ಪಂಪಕ್ಕನ ಮಗಳ ಮದುವೆಗೆ ಬಂದು ಊಟ ಮಾಡಿ ಹೋಗಿದ್ದಾರೆ. ಆದರೆ ಅವರು ವಾರ್ಡಿಗೆ ಕಾಲಿಟ್ಟರೆ ಮಲಗಿದವರೆಲ್ಲ ಎದ್ದು ಕೂರುತ್ತಾರೆ, ಮನೆಯವರು ಕಾಲಿಗೆ ಬೀಳುತ್ತಾರೆ. "ನಾನು ಅವರ ಹಿಂದೆಯೇ ನಿಂತಿರ್ತೀನಿ. ಬಗ್ಗಿದವರು ನನ್ನ ಚಪ್ಪಲಿಯಾದ್ರೂ ನೋಡ್ತಾರೇನೋ ಅಂತ ಕಾಯ್ತೀನಿ. ಊಹೂಂ."

ಎರಡನೆಯದು ಇನ್ನೂ ಹತ್ತಿರದ್ದು. ಪಂಪಕ್ಕನ ಒಡಹುಟ್ಟಿದ ತಂಗಿ ಅದೇ ಆಸ್ಪತ್ರೆಯಲ್ಲಿ, ಆಪರೇಷನ್ ಆದವರನ್ನು ಎಚ್ಚರವಾಗುವವರೆಗೆ ನೋಡಿಕೊಳ್ಳುವ ಕೋಣೆಯಲ್ಲಿ ನರ್ಸ್. ಇಬ್ಬರ ಮನೆಯೂ ಒಂದೇ ಕಟ್ಟಡದಲ್ಲಿ, ಅಕ್ಕ ಕೆಳಗೆ, ತಂಗಿ ಮೇಲೆ. ರೋಗಿ ಕಣ್ಣು ಬಿಟ್ಟಾಗ ಮೊದಲು ಕಾಣುವುದು ತಂಗಿಯ ಮುಖ. ಬದುಕಿ ಬಂದೆ ಎಂಬ ಸಂತೋಷವೆಲ್ಲ ಆ ಮುಖಕ್ಕೇ ಸಲ್ಲುತ್ತದೆ. ಬಿಡುಗಡೆಯಾಗಿ ಹೋಗುವವರು ತಂಗಿಯ ಕೈಗೊಂದು ಪೊಟ್ಟಣ ಇಟ್ಟು ಹೋಗುತ್ತಾರೆ. ಮೇಲಿನ ಮನೆಯ ಗಾಜಿನ ಬೀರುವಿನಲ್ಲಿ ಹನ್ನೊಂದು ಕಪ್ಪು-ಸಾಸರಿನ ಸೆಟ್ಟುಗಳಿವೆ. ಪಂಪಕ್ಕ ಎಣಿಸಿದ್ದಾರೆ.

"ನಮ್ಮಕ್ಕ ನಮ್ಮನೆಗೆ ಬಂದ್ರೆ ಕಾಫಿಗೆ ಮುಂಚೆ ಬೀರು ನೋಡ್ತಾಳೆ," ಎಂದು ತಂಗಿ ನಗುತ್ತಾರೆ. "ಒಂದು ಸೆಟ್ ತಗೊಂಡು ಹೋಗೇ ಅಂದ್ರೆ ಮೂತಿ ತಿರುಗಿಸ್ತಾಳೆ."

"ಕೊಟ್ಟವರು ನಂಗೆ ಕೊಡಬೇಕು. ನೀನು ಕೊಟ್ರೆ ಅದು ಬರೀ ಕಪ್ಪು," ಎನ್ನುತ್ತಾರೆ ಅಕ್ಕ.

ಇಲ್ಲಿಯವರೆಗೆ ಇದು ನಗುವ ಮಾತು. ಮುಂದಿನದನ್ನು ಪಂಪಕ್ಕ ನಗದೆ ಹೇಳುತ್ತಾರೆ. ಬರೆಯಬೇಡಿ ಎನ್ನುವುದಿಲ್ಲ, ಬರೆಯಲೇಬೇಕು ಎನ್ನುತ್ತಾರೆ.

ಮೂರು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ದೊಡ್ಡ ಡಾಕ್ಟರ ಸಾವಿರದ ಆಪರೇಷನ್. ಪತ್ರಿಕೆಯ ಫೋಟೋಗ್ರಾಫರ್ ಒಬ್ಬ ಟೋಪಿ, ಮುಖಗವಸು ಹಾಕಿಕೊಂಡು ಥಿಯೇಟರಿಗೆ ಬಂದಿದ್ದ. ಮೇಜಿನ ಮೇಲಿದ್ದವರು ಸಲೂನ್ ನಡೆಸುವ ನಲವತ್ತೈದರ ಆಸುಪಾಸಿನ ಒಬ್ಬರು. ಎಡಗಡೆಯ ಶ್ವಾಸಕೋಶದಲ್ಲಿ ಗಡ್ಡೆ. ಮತ್ತು ಕೊಟ್ಟಾಯಿತು. ಈಗ ರೋಗಿಯನ್ನು ಮಗ್ಗುಲಿಗೆ ಹೊರಳಿಸಬೇಕು. ಹೊರಳಿಸುವಾಗ ಟ್ಯೂಬು ಎಳೆದು ಕೈಗೆ ಚುಚ್ಚಿದ ಸೂಜಿ ಕಿತ್ತುಬರಬಾರದೆಂದು, ಪಂಪ್ ನಿಲ್ಲಿಸಿ, ಟ್ಯೂಬನ್ನು ಸೂಜಿಯಿಂದ ಬಿಡಿಸಿ ಪಕ್ಕಕ್ಕಿಡುವುದು ಈ ಕೆಲಸದ ಪದ್ಧತಿ. ಹೊರಳಿಸಿದ ಮೇಲೆ ಮತ್ತೆ ಸಿಕ್ಕಿಸಿ ಪಂಪ್ ಒತ್ತಬೇಕು. ಪಂಪಕ್ಕ ಇದನ್ನು ಸಾವಿರ ಸಲ ಅಲ್ಲ, ಹಲವು ಸಾವಿರ ಸಲ ಮಾಡಿದ್ದಾರೆ.

ಆ ದಿನ ಹೊರಳಿಸಿ, ಟ್ಯೂಬಿನ ತುದಿಯನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಫೋಟೋಗ್ರಾಫರ್ ಹೇಳಿದ: "ಅಮ್ಮ, ಸ್ವಲ್ಪ ಪಕ್ಕಕ್ಕೆ ಬನ್ನಿ, ಡಾಕ್ಟರು ಮರೆಯಾಗ್ತಿದ್ದಾರೆ."

"ಮೈಯೆಲ್ಲ ಉರಿದುಹೋಯ್ತು. ಇಪ್ಪತ್ತು ವರ್ಷದಿಂದ ಡಾಕ್ಟರ ಮರೇಲಿ ನಾನಿದ್ದೆ. ಒಂದು ನಿಮಿಷ ನನ್ನ ಮರೇಲಿ ಅವರು ಬಂದಿದ್ದಕ್ಕೆ ಪಕ್ಕಕ್ಕೆ ಬನ್ನಿ! ಬಂದೆ. ದಢಾರ್ ಅಂತ ಪಂಪ್ ಒತ್ತಿದೆ. ಆಮೇಲೆ ಎರಡೂವರೆ ಗಂಟೆ ಡಾಕ್ಟರ ಬೆನ್ನನ್ನೇ ನೋಡ್ಕೊಂಡು ನಿಂತಿದ್ದೆ."

ಪಂಪ್ ಓಡುತ್ತಿತ್ತು. ಹಸಿರು ದೀಪ ಉರಿಯುತ್ತಿತ್ತು. ಔಷಧ ಇಳಿಯುತ್ತಿತ್ತು. ಎಲ್ಲ ಮುಗಿದು ಹೊದಿಕೆ ತೆಗೆದಾಗ ರೋಗಿಯ ಮೊಣಕೈ ಕೆಳಗಿನ ಹಾಸಿನಲ್ಲಿ ಅಂಗೈಯಗಲ ಒದ್ದೆ. ಟ್ಯೂಬಿನ ತುದಿ ಅಲ್ಲೇ ಬಿದ್ದಿತ್ತು, ಸೂಜಿಗೆ ಸಿಕ್ಕಿಸಿಯೇ ಇರಲಿಲ್ಲ. ಇಡೀ ಆಪರೇಷನ್ನಿನ ಔಷಧವನ್ನು ಹಾಸು ಕುಡಿದಿತ್ತು. ಬೆನ್ನಿನ ಔಷಧ, ನಿದ್ದೆಯ ಔಷಧ ಸರಿಯಾಗಿ ಹೋಗಿದ್ದರಿಂದ ಯಾರಿಗೂ ಸುಳಿವು ಹತ್ತಿರಲಿಲ್ಲ. ಎಲ್ಲರೂ ಫೋಟೋಗೆ ನಿಂತಿದ್ದರು. ಪಂಪಕ್ಕ ಹಾಸನ್ನು ಸುತ್ತಿ ಕಸದ ಚೀಲಕ್ಕೆ ತುರುಕಿದರು.

ಮೂರು ತಿಂಗಳಿಗೆ ಸಲೂನಿನವರಿಗೆ ಫೋನ್ ಮಾಡಿದರು. ಎಷ್ಟು ಅಂಕ ಎಂದರೆ, "ಏಳು ಬರ್ಕೊಳ್ಳಿ ಅಮ್ಮ, ಅಂಗಿ ಹಾಕಿದಾಗ ಒಂಬತ್ತು" ಎಂದರು. ಆರು ತಿಂಗಳಿಗೂ ಏಳು. ವರ್ಷಕ್ಕೂ ಏಳು. ಪಂಪ್ ಸರಿಯಾಗಿದ್ದಿದ್ದರೂ ಅವರಿಗೆ ನೋವು ಬರುತ್ತಿತ್ತೋ ಏನೋ, ಯಾವ ಡಾಕ್ಟರೂ ಎದೆ ತಟ್ಟಿ ಹೇಳಲಾರರು. ಆ ಮಾತು ಪಂಪಕ್ಕನಿಗೆ ಸಮಾಧಾನ ತರಲಿಲ್ಲ. ಏಳು ಏಳು ಎಂದು ಬರೆದುಕೊಂಡು ಬಾಯಿ ಹೊಲಿದುಕೊಂಡು ಕೂತರು. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ನಿದ್ದೆಗೇಡು.

ನಾಲ್ಕು ತಿಂಗಳ ಹಿಂದೆ ಆ ಸಲೂನಿನವರು ಮತ್ತೆ ಬಂದರು. ಈ ಸಲ ಬಲಗಡೆಯ ಶ್ವಾಸಕೋಶದಲ್ಲಿ ಒಂದು ಸಣ್ಣ ಗಡ್ಡೆ. ತೆಗೆಯಲೇಬೇಕು. ಪರೀಕ್ಷೆಯ ಕೋಣೆಯಲ್ಲಿ ಅವರು ಡಾಕ್ಟರಮ್ಮನಿಗೆ ಹೇಳಿದ್ದನ್ನು ಪಂಪಕ್ಕ ಬಾಗಿಲ ಬಳಿ ನಿಂತು ಕೇಳಿಸಿಕೊಂಡರು. "ಎಡಗೈ ಬಾಚಣಿಗೆ ಹಿಡಿಯೋದು ಮೇಡಂ, ಹೇಗೋ ಪಕ್ಕೆಗೆ ಒತ್ತಿ ಹಿಡ್ಕೊಂಡು ದೂಡ್ತಿದ್ದೀನಿ. ಬಲಗೈ ಕತ್ತರಿ. ಬಲಗಡೆಗೂ ಹೀಗೇ ಆದ್ರೆ ಅಂಗಡಿ ಮುಚ್ಚಿದ ಹಾಗೇ. ಆಪರೇಷನ್ನೇ ಬೇಡ ಅನ್ಸುತ್ತೆ."

ಪಂಪಕ್ಕ ಅಂದೇ ಡಾಕ್ಟರಮ್ಮನ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಡಾಕ್ಟರಮ್ಮ ಎದ್ದು ಬಾಗಿಲು ಹಾಕಿ ಬಂದರು. ಆಮೇಲೆ, "ತಪ್ಪು ಆಗುತ್ತೆ ಪಂಪಕ್ಕ. ಆ ಹಾಸನ್ನ ಚೀಲಕ್ಕೆ ಹಾಕಿದ್ರಲ್ಲ, ಅದು ತಪ್ಪಲ್ಲ, ಮೋಸ. ರೋಗಿಗೆ ನಾನೇ ಹೇಳ್ತೀನಿ" ಎಂದರು. ನಾನು ಹೇಳುತ್ತೇನೆ, ನೀವು ಜೊತೆಗೆ ಬನ್ನಿ ಎಂದು ಪಂಪಕ್ಕ ಹಟ ಹಿಡಿದರು. ವಿಚಾರಣೆ ಮುಗಿಯುವವರೆಗೆ ಪಂಪಕ್ಕನಿಗೆ ಥಿಯೇಟರಿನ ಬಾಗಿಲು ಬಂದ್, ಸ್ಟೋರಿನಲ್ಲಿ ಕೈಗವಸು ಎಣಿಸುವ ಕೆಲಸ.

ಇಬ್ಬರೂ ಸಲೂನಿಗೆ ಹೋದರು. ಎರಡು ಕುರ್ಚಿಯ ಅಂಗಡಿ. ಸಲೂನಿನವರು ಅಂಗಿಯೊಳಗೆ ಬನಿಯನನ್ನು ತಿರುವುಮುರುವಾಗಿ ಹಾಕಿಕೊಂಡಿದ್ದರು, ಹೊಲಿಗೆ ಮೈಗೆ ತಾಗಬಾರದೆಂದು. ಕನ್ನಡಿಯ ಮೂಲೆಯಲ್ಲಿ ಪತ್ರಿಕೆಯ ತುಣುಕು ಅಂಟಿಸಿತ್ತು. ದೊಡ್ಡ ಡಾಕ್ಟರ ಸಾವಿರದ ಆಪರೇಷನ್, ಅಂದರೆ ಈ ಸಲೂನಿನವರದೇ. ಚಿತ್ರದ ಅಂಚಿನಲ್ಲಿ ಹಸಿರು ತೋಳಿನ ಒಂದು ಮೊಣಕೈ. ಆ ಹೊತ್ತಿನಲ್ಲೂ ಪಂಪಕ್ಕನ ಕಣ್ಣು ಮೊದಲು ಹೋದದ್ದು ತಮ್ಮ ಮೊಣಕೈಗೆ. "ನಾಚಿಕೆಗೆಟ್ಟ ಕಣ್ಣು," ಎಂದು ಅವರೇ ಬೈದುಕೊಳ್ಳುತ್ತಾರೆ.

ಹೇಳಿದರು. ಸಲೂನಿನವರು ಕತ್ತರಿಯನ್ನು ಮೇಜಿನ ಮೇಲಿಟ್ಟರು. "ಮೂರು ವರ್ಷ," ಎಂದರು. "ಮೊಮ್ಮಗು ಓಡಿ ಬಂದ್ರೆ ನಾನು ಗೋಡೆ ಕಡೆ ತಿರುಗಿಕೊಳ್ತೀನಿ, ಎಲ್ಲಿ ತಗುಲುತ್ತೋ ಅಂತ. ನನ್ನ ಕರ್ಮ ಅಂದ್ಕೊಂಡಿದ್ದೆ." ಮತ್ತೆ ಕತ್ತರಿಯನ್ನು ಕೈಗೆತ್ತಿಕೊಂಡು, "ಹೋಗಿ ಅಮ್ಮ, ಗಿರಾಕಿ ಕಾಯ್ತಿದ್ದಾರೆ" ಎಂದರು. ಕಾಯುವ ಬೆಂಚಿನ ಮೇಲೆ ಯಾರೂ ಇರಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಅವರು ಆಸ್ಪತ್ರೆಗೆ ಬಂದು ಡಾಕ್ಟರಮ್ಮನ ಮುಂದೆ ಕೂತರು. ಆಪರೇಷನ್ ಮಾಡಿಸಿಕೊಳ್ಳುತ್ತೇನೆ, ಆದರೆ ಒಂದು ಷರತ್ತು ಎಂದರು. ಪಂಪಕ್ಕನನ್ನು ಕೆಲಸದಿಂದ ತೆಗೆಯಿರಿ ಎನ್ನುತ್ತಾರೆಂದು ಡಾಕ್ಟರಮ್ಮ ಎಣಿಸಿದ್ದರು.

"ಪಂಪ್ ಹತ್ರ ಆಯಮ್ಮನೇ ಇರಬೇಕು," ಎಂದರು ಸಲೂನಿನವರು. "ನಾನೂ ಒಬ್ಬರ ಕಿವಿ ಕೊಯ್ದಿದ್ದೀನಿ ಮೇಡಂ, ಗಿರಾಕಿಯೊಬ್ಬರದು. ಅವರು ಇವತ್ತಿಗೂ ನನ್ನ ಹತ್ರಾನೇ ಬರೋದು. ಯಾಕೆ ಗೊತ್ತಾ? ಆ ಕಿವಿ ಹತ್ರ ಬಂದಾಗ ನಾನು ಉಸಿರು ಸಹ ಬಿಡಲ್ಲ."

ಹಾಗೆ ವಿಚಾರಣೆಯ ನಡುವೆಯೇ ಆ ಒಂದು ಬೆಳಿಗ್ಗೆಗೆ ಪಂಪಕ್ಕ ಥಿಯೇಟರಿಗೆ ಮರಳಿದರು. ರೋಗಿಯನ್ನು ಎಡ ಮಗ್ಗುಲಿಗೆ ಹೊರಳಿಸಿ, ಟ್ಯೂಬ್ ಸಿಕ್ಕಿಸಿ, ಪಂಪಿನಿಂದ ಸೂಜಿಯವರೆಗೆ ಬೆರಳು ಜಾರಿಸುತ್ತ ಬಾಯಿಬಿಟ್ಟು ಹೇಳಿದರು: "ಇಲ್ಲಿಂದ ಹೊರಟೆ. ಇಲ್ಲಿಗೆ ಬಂದೆ." ದೊಡ್ಡ ಡಾಕ್ಟರು ತಲೆಯೆತ್ತಿ, "ಏನಮ್ಮ, ಪ್ರಯಾಣ ಮುಗೀತಾ, ನಾನು ಕೊಯ್ಲಾ?" ಎಂದರು. "ತಡೀರಿ ಸಾರ್, ಇನ್ನೊಂದು ಸಲ," ಎಂದರು ಪಂಪಕ್ಕ. ದೊಡ್ಡ ಡಾಕ್ಟರು ಕತ್ತಿ ಹಿಡಿದು ಕಾದು ನಿಂತರು. ಇಷ್ಟು ವರ್ಷಗಳಲ್ಲಿ ಅವರು ತಮಗಾಗಿ ಕಾದದ್ದು ಅದೇ ಮೊದಲು ಎಂದು ಪಂಪಕ್ಕನಿಗೆ ಹೊಳೆದದ್ದು ಮರುದಿನ. ಆ ಹೊತ್ತಿನಲ್ಲಿ ಹೊಳೆಯಲಿಲ್ಲ, ಮೂರು ಗಂಟೆ ಬೆರಳು ಟ್ಯೂಬಿನ ಮೇಲೇ ಇತ್ತು.

ಸಂಜೆ ತಂಗಿ ಮೆಟ್ಟಿಲಿಳಿದು ಬಂದು, "ಅಕ್ಕಾ, ನಿನ್ನ ಸಲೂನಿನವರು ಕಣ್ಣು ಬಿಟ್ಟ ಕೂಡ್ಲೇ ನನ್ನ ಕೈ ಹಿಡ್ಕೊಂಡು, ತುಂಬಾ ಉಪಕಾರ ಆಯ್ತು ತಾಯಿ ಅಂದ್ರು ಕಣೇ!" ಎಂದರು. ಪಂಪಕ್ಕ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಬಡಿದರು. "ಮತ್ತಿನಲ್ಲಿ ನಿನ್ನನ್ನ ನಾನು ಅಂದ್ಕೊಂಡಿದ್ದಾರೆ!" ಎಂದು ಕೂಗಿದ್ದು ಡಿಪೋದಿಂದ ಬಂದು ಮಲಗಿದ್ದ ಯಜಮಾನರನ್ನೂ ಎಬ್ಬಿಸಿತಂತೆ.

ವಿಚಾರಣೆ ಮುಗಿದು, ಒಂದು ವರ್ಷದ ವೇತನ ಬಡ್ತಿ ಕಡಿತವಾಗಿ, ಪಂಪಕ್ಕ ಮತ್ತೆ ಥಿಯೇಟರಿನಲ್ಲಿದ್ದಾರೆ. ಬೆರಳು ಜಾರಿಸಿ ಗಟ್ಟಿಯಾಗಿ ಹೇಳುವುದು ಈಗ ಇಲ್ಲಿ ಎಲ್ಲರಿಗೂ ಕಡ್ಡಾಯ. ಆದರೆ ಎಚ್ಚರವಾದಾಗಿನ ನೋವು ಬೇರೆ, ಉಳಿದುಬಿಡುವ ನೋವು ಬೇರೆ. ಮೂರು ತಿಂಗಳು ತುಂಬದೆ ಏನನ್ನೂ ಹೇಳುವಂತಿಲ್ಲ. ಸಲೂನಿನವರಿಗೆ ಇಂದಿಗೆ ಮೂರು ತಿಂಗಳು ತುಂಬಿದೆ. ಮಧ್ಯಾಹ್ನ ಎರಡೂವರೆಗೆ ಪಂಪಕ್ಕ ನೋಟ್‌ಬುಕ್ ಬಿಡಿಸಿ, ಎರಡು ಸಲ ತಪ್ಪು ನಂಬರ್ ಒತ್ತಿ, ಮೂರನೆಯ ಸಲಕ್ಕೆ ಸರಿಯಾಗಿ ಒತ್ತುತ್ತಾರೆ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುತ್ತಾರೆ.

ಆ ಕಡೆ ಕತ್ತರಿಯ ಕಚಕಚ ಕೇಳುತ್ತದೆ. ನೋವು ಹೇಗಿದೆ ಎಂದದ್ದೇ ತಡ, ಸಲೂನಿನವರು ಶುರು ಮಾಡುತ್ತಾರೆ. "ಅದೇ ಉರಿ ಅಮ್ಮ. ನಿನ್ನೆ ಇಡೀ ದಿನ ಬನಿಯನ್ ಹಾಕಿಲ್ಲ. ಡಾಕ್ಟರಮ್ಮ ಕೊಟ್ಟ ಮಾತ್ರೆಯಿಂದ ಏಳು ಇದ್ದದ್ದು ಐದಾಗಿದೆ ಅನ್ನಬಹುದು." ಪೆನ್ನು ಹಾಳೆಯ ಮೇಲೆ ನಿಲ್ಲುತ್ತದೆ.

"ಯಾವ ಕಡೆ ಹೇಳ್ತಿದ್ದೀರಿ ಅಣ್ಣ?"

"ಯಾವ ಕಡೆ ಅಂದ್ರೆ? ಎಡಗಡೆ ಅಮ್ಮ, ನಿಮಗೆ ಗೊತ್ತಲ್ಲ."

"ನಾನು ಕೇಳಿದ್ದು ಬಲಗಡೆ."

"ಬಲಗಡೆನಾ?" ಕಚಕಚ ನಿಲ್ಲುತ್ತದೆ. ಅವರು ಕತ್ತರಿ ಕೆಳಗಿಟ್ಟು ಕೈಯಿಂದ ಮುಟ್ಟಿ ನೋಡಿಕೊಳ್ಳುತ್ತಿರಬೇಕು. ಪಂಪಕ್ಕ ಉಸಿರು ಹಿಡಿದು ಕೂತಿದ್ದಾರೆ. "ಬಲಗಡೆ ಏನಿಲ್ವಲ್ಲ. ಅಲ್ಲೇನಾಗಿದೆ? ಓ, ಹೌದಲ್ಲ, ಈ ಸಲದ್ದು ಬಲಗಡೆ! ನೋಡಿ, ಮರ್ತೇಹೋಗಿತ್ತು. ಹಾಂ, ನಮ್ಮ ದೊಡ್ಡ ಡಾಕ್ಟರಿಗೆ ನಾನು ನಮಸ್ಕಾರ ಹೇಳಿದೆ ಅನ್ನಿ."

"ಹೇಳ್ತೀನಿ," ಎಂದು ಪಂಪಕ್ಕ ಫೋನಿಡುತ್ತಾರೆ. ನೋಟ್‌ಬುಕ್ಕಿನಲ್ಲಿ ಬಲಗಡೆ ಎಂದು ಬರೆದು ಮುಂದೆ ಒಂದು ಸೊನ್ನೆ ಸುತ್ತುತ್ತಾರೆ. ಸುತ್ತಿದ್ದರ ಮೇಲೇ ಮತ್ತೆರಡು ಸಲ ಸುತ್ತುತ್ತಾರೆ. ಕಣ್ಣಲ್ಲಿ ನೀರು ತುಂಬಿದೆ, ಅದನ್ನು ಮುಚ್ಚಿಡುವ ಗೋಜಿಗೆ ಹೋಗುವುದಿಲ್ಲ.

ಮುಂದಿನ ಆಪರೇಷನ್ನಿಗೆ ಕರೆ ಬರುತ್ತದೆ. ಅವರು ಎದ್ದು ಟೋಪಿ ಸರಿಮಾಡಿಕೊಳ್ಳುತ್ತಾರೆ. ಬಾಗಿಲಾಚೆ ದೊಡ್ಡ ಡಾಕ್ಟರು ಕೈ ತೊಳೆಯುತ್ತ ನಿಂತಿದ್ದಾರೆ, ನಾಲ್ಕು ಹೆಜ್ಜೆ ದೂರ. ಆ ನಮಸ್ಕಾರವನ್ನು ಈಗಲೇ ತಲುಪಿಸಬಹುದಲ್ಲ ಎಂದರೆ ಪಂಪಕ್ಕ ದೊಡ್ಡ ಡಾಕ್ಟರ ಬೆನ್ನನ್ನೊಮ್ಮೆ ನೋಡಿ, ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಮಾಡುತ್ತಾರೆ.

"ಹೇಳಲ್ಲ. ಇದೊಂದನ್ನ ನಾನೇ ಇಟ್ಕೋತೀನಿ."